ತೊಂಬತ್ತನಾಲ್ಕನೇ ಪುಟದ ನಗು

ತಂಗಿಗೆ ಸಿಟ್ಟು ಬಂದರೆ ಮೊದಲು ಕಿವಿ ಬಿಸಿಯಾಗುತ್ತದೆ, ಆಮೇಲೆ ಕುತ್ತಿಗೆ, ಕೊನೆಗೆ ನಾಲಿಗೆ. ಆ ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಪ್ರಿಂಟರಿನಿಂದ ಆಗತಾನೆ ಹೊರಬಂದ ತೊಂಬತ್ತನಾಲ್ಕನೇ ಪುಟವನ್ನು ಓದಿದ ಅರ್ಧ ನಿಮಿಷದಲ್ಲಿ ಮೂರೂ ಒಟ್ಟಿಗೇ ಬಿಸಿಯಾದವು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ಮಾತೆಲ್ಲ ಗೋಡೆಗೆ ಹೋಗಿ ಬಡಿಯಿತು.

"ಎಷ್ಟು ಧೈರ್ಯ ಇವಳಿಗೆ! ಎಷ್ಟು ಧೈರ್ಯ ಅಂತೀನಿ!"

ಇವಳು ಎಂದರೆ ಅಕ್ಕ. ಇಬ್ಬರೂ ಸೇರಿ ಮಕ್ಕಳಿಗಾಗಿ ಚಿತ್ರ ತುಂಬಿದ ನಗೆ ಕಾದಂಬರಿಗಳನ್ನು ಮಾಡುತ್ತಾರೆ. ಅಕ್ಕ ಬರೆಯುತ್ತಾಳೆ, ತಂಗಿ ಚಿತ್ರ ಬಿಡಿಸುತ್ತಾಳೆ. ಮುಖಪುಟದಲ್ಲಿ ಹೆಸರಿನ ಜಾಗದಲ್ಲಿ 'ಅಕ್ಕ-ತಂಗಿ' ಎಂದಷ್ಟೇ ಇರುತ್ತದೆ, ಓದುವ ಮಕ್ಕಳಿಗೂ ಅಷ್ಟು ಸಾಕು. 'ಸೊಟ್ಟಿಯ ರಫ್ ನೋಟ್ಸ್' ಎಂಬ ಮಾಲೆ. ಸೊಟ್ಟಿ ಎಂಟನೇ ಕ್ಲಾಸಿನ ಹುಡುಗಿ. ಅವಳ ಜಡೆ ಸೊಟ್ಟ, ಅಕ್ಷರ ಸೊಟ್ಟ, ಮಾಡಿದ ಲೆಕ್ಕವೆಲ್ಲ ಸೊಟ್ಟ. ಆರು ಪುಸ್ತಕ ಮುಗಿದರೂ ಅವಳು ಎಂಟನೇ ಕ್ಲಾಸಿನಲ್ಲೇ ಕೂತಿದ್ದಾಳೆ. ಇದೇಕೆ ಹೀಗೆ ಎಂದು ಇವತ್ತಿನವರೆಗೆ ಒಂದು ಮಗುವೂ ಕೇಳಿಲ್ಲ.

ಪುಸ್ತಕ ನೋಡಿದರೆ ನಿಜವಾಗಿ ಒಬ್ಬ ಹುಡುಗಿಯೇ ಮೇಷ್ಟ್ರ ಕಣ್ಣು ತಪ್ಪಿಸಿ ಗೀಚಿದ್ದಾಳೆ ಅನ್ನಿಸಬೇಕು. ತಂಗಿ ಗೆರೆ ಹಾಕಿದ ಅಗ್ಗದ ಹಾಳೆಯ ಮೇಲೆ, ಬಾಲ್ ಪೆನ್ನನ್ನು ತೀರಾ ಮೇಲ್ತುದಿಯಲ್ಲಿ ಹಿಡಿದು ಬಿಡಿಸುತ್ತಾಳೆ. ಹಾಗೆ ಹಿಡಿದರೆ ಗೆರೆ ಹಿಡಿತ ತಪ್ಪಿ ನಡುಗುತ್ತದೆ, ಹದಿಮೂರು ವರ್ಷದವರ ಗೆರೆಯಾಗುತ್ತದೆ. ಐದು ವರ್ಷ ಚಿತ್ರಕಲಾ ಶಾಲೆಯಲ್ಲಿ ಕೈ ನಡುಗದಂತೆ ಕಲಿತವಳು, ಈಚಿನ ಹತ್ತು ವರ್ಷ ಕೈ ನಡುಗಿಸುವುದನ್ನು ಕಲಿತಳು. ಹೊಟ್ಟೆಪಾಡು ಏನೇನು ಕಲಿಸುತ್ತದೋ.

ಇಬ್ಬರ ನಡುವೆ ಒಂದೇ ಒಂದು ಕಟ್ಟುಪಾಡು. ಮಾತು ಹೇಳಿದ್ದನ್ನು ಚಿತ್ರ ಹೇಳಬಾರದು. 'ನಾನು ಭಾನುವಾರವಿಡೀ ಗಣಿತ ಓದಿದೆ' ಎಂದು ಸೊಟ್ಟಿ ಬರೆದಿದ್ದರೆ, ಕೆಳಗಿನ ಚಿತ್ರದಲ್ಲಿ ಅವಳು ಗಣಿತದ ಪುಸ್ತಕವನ್ನು ಮುಖದ ಮೇಲೆ ಮುಚ್ಚಿಕೊಂಡು ಗೊರಕೆ ಹೊಡೆಯುತ್ತಿರಬೇಕು. 'ಜಿರಲೆಗೆಲ್ಲ ನಾನು ಹೆದರುವುದಿಲ್ಲ' ಎಂದಿದ್ದರೆ ಬೀರುವಿನ ಮೇಲೆ ಹತ್ತಿ ಕೂತಿರಬೇಕು. ಮಾತು ಬಡಾಯಿ ಕೊಚ್ಚುತ್ತದೆ, ಚಿತ್ರ ಅದರ ಬಣ್ಣ ಬಯಲು ಮಾಡುತ್ತದೆ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುವುದು ಇವೆರಡರ ನಡುವಿನ ಸಂದಿಯಲ್ಲಿ. ಅಕ್ಕ ಬರೆದ ಪುಟಗಳಲ್ಲಿ ಅಲ್ಲಲ್ಲಿ ಖಾಲಿ ಚೌಕ ಬಿಟ್ಟು, ಒಳಗೆ ಒಂದು ಸಾಲಿನ ಸೂಚನೆ ಬರೆದು ಕಳಿಸುತ್ತಾಳೆ. ತಂಗಿ ಚೌಕ ತುಂಬುತ್ತಾಳೆ.

ಏಳನೇ ಪುಸ್ತಕದಲ್ಲಿ ಅಕ್ಕ ಹೊಸಬಳೊಬ್ಬಳನ್ನು ತಂದಿದ್ದಳು. ಸೊಟ್ಟಿಯ ತಂಗಿ, ಆರನೇ ಕ್ಲಾಸು, ಅಡ್ಡಹೆಸರು ಪುಟಾಣಿ. ತೊಂಬತ್ತಮೂರನೇ ಪುಟದವರೆಗೆ ಪುಟಾಣಿ ಮುದ್ದಾಗಿಯೇ ಇದ್ದಳು. ತೊಂಬತ್ತನಾಲ್ಕರಲ್ಲಿ ಹೀಗಿತ್ತು:

'ವೇದಿಕೆಯ ಮೇಲೆ ಪುಟಾಣಿಯ ಕಾಲ ಬಳಿ ಏನೋ ಹರಿಯುತ್ತಿತ್ತು. ಅದು ನೀರಲ್ಲ ಎಂದು ನನಗೆ ತಕ್ಷಣ ಗೊತ್ತಾಯಿತು. ನಾನು ಹಿಂದೆ ಮುಂದೆ ನೋಡಲಿಲ್ಲ. ನಾಲ್ಕು ಸಾಲು ದಾಟಿ, ವೇದಿಕೆಗೆ ಹಾರಿ, ಅತಿಥಿಗಳಿಗೆಂದು ಇಟ್ಟಿದ್ದ ನೀರಿನ ಜಗ್ಗನ್ನು ನನ್ನ ತಲೆಯ ಮೇಲೆಯೇ ಸುರಿದುಕೊಂಡೆ. ನೆಲವೆಲ್ಲ ನೀರೋ ನೀರು. ಯಾವ ನೀರು ಯಾರದು ಎಂದು ಯಾರಿಗೂ ತಿಳಿಯಲಿಲ್ಲ. ಇಡೀ ಹಾಲ್ ನನ್ನನ್ನು ನೋಡಿ ನಕ್ಕಿತು. ನಗಲಿ ಬಿಡಿ. ತಂಗಿ ಅಂದರೆ ತಂಗಿ.'

ಅದರ ಕೆಳಗೆ ಚೌಕ. ಚೌಕದೊಳಗೆ ಸೂಚನೆ: 'ಪುಟಾಣಿಯ ಮುಖ, ಹತ್ತಿರದಿಂದ. ತುಂಬಾ ತಮಾಷೆಯಾಗಿರಲಿ.'

ಇದು ನಡೆದದ್ದು. ಸೊಟ್ಟಿ ಹಾರಿದ್ದು, ಜಗ್ಗು ಸುರಿದುಕೊಂಡದ್ದು ಬಿಟ್ಟು ಉಳಿದದ್ದೆಲ್ಲ ನಡೆದದ್ದು. ಮೂವತ್ತು ವರ್ಷದ ಹಿಂದೆ, ತಂಗಿ ಆರನೇ ಕ್ಲಾಸಿನಲ್ಲಿದ್ದಾಗ, ಶಿಕ್ಷಣ ಅಧಿಕಾರಿಗಳು ಶಾಲೆಗೆ ಬಂದ ದಿನ. ಅವಳು ವೇದಿಕೆ ಹತ್ತಿ ಸ್ವಾಗತದ ನಾಲ್ಕು ಮಾತು ಓದಬೇಕಿತ್ತು. ಅದಕ್ಕೆ ಮುಂಚೆ ಎರಡು ಸಲ ಕೈಯೆತ್ತಿ ಹೊರಗೆ ಹೋಗಿಬರುತ್ತೇನೆ ಎಂದು ಕೇಳಿದ್ದಳು. ಎರಡು ಸಲವೂ ಕ್ಲಾಸ್ ಟೀಚರ್ "ಐದು ನಿಮಿಷ ತಡ್ಕೊಳೋಕಾಗಲ್ವಾ?" ಎಂದು ಕೂರಿಸಿದ್ದರು. ಅಧಿಕಾರಿಗಳು ಬಂದದ್ದು ಐವತ್ತು ನಿಮಿಷ ತಡವಾಗಿ. ಅವಳು ಮೈಕಿನ ಮುಂದೆ ನಿಂತು ಎರಡನೇ ಸಾಲು ಓದುವಾಗ ಎಲ್ಲ ಮುಗಿದುಹೋಯಿತು. ಬಿಳಿ ಸಾಕ್ಸು, ಬಿಳಿ ಶೂ, ನಾನೂರು ಮಕ್ಕಳು.

ಮೊದಲು ಯಾರೂ ನಗಲಿಲ್ಲ. ಅದು ಅವಳಿಗೆ ಚೆನ್ನಾಗಿ ನೆನಪಿದೆ. ನಾನೂರು ಮಕ್ಕಳೂ ಬಾಯಿ ತೆರೆದುಕೊಂಡು ಸುಮ್ಮನೆ ನಿಂತಿದ್ದರು. ಆಮೇಲೆ ಎಂಟನೇ ಕ್ಲಾಸಿನ ಸಾಲಿನಿಂದ ಒಂದು ನಗು ಹಾರಿತು. ಒಂದೇ ಕೋಣೆಯಲ್ಲಿ, ಪಕ್ಕದ ಹಾಸಿಗೆಯಲ್ಲಿ ದಿನಾ ಕೇಳುವ ನಗು ಅದು, ಕೊನೆಗೆ ಸ್ವಲ್ಪ ಗೊರ್ ಅನ್ನುತ್ತದೆ. ಅದರ ಬೆನ್ನಿಗೆ ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ವೇದಿಕೆಗೆ ಬಂದವರು ಒಬ್ಬರೇ, ನೆಲ ಒರೆಸುವ ಆಯಮ್ಮ. ಅವರು ತಮ್ಮ ಶಾಲನ್ನು ಅವಳ ಸೊಂಟಕ್ಕೆ ಸುತ್ತಿ, "ಬಾ ಮಗಾ, ಯಾರನ್ನೂ ನೋಡ್ಬೇಡ" ಎಂದು ಕರೆದುಕೊಂಡು ಹೋದರು. ಮರುದಿನದಿಂದ ಶಾಲೆಯಲ್ಲಿ ಅವಳ ಹೆಸರು 'ನಲ್ಲಿ'. ಅವಳು ಕಾರಿಡಾರಿನಲ್ಲಿ ಬಂದರೆ "ನಲ್ಲಿ ಬಂತು, ಕೊಡ ತನ್ನಿ" ಎನ್ನುತ್ತಿದ್ದರು. ಎರಡು ವರ್ಷ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ, ಅವಳದು ಅಡಿಕೆಯಷ್ಟೂ ತಪ್ಪಿಲ್ಲದೆ ಹೋದ ಮಾನ.

ಅಕ್ಕ ಆವತ್ತು ಮನೆಗೆ ಬಂದು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಮರುದಿನವೂ ಇಲ್ಲ, ಮೂವತ್ತು ವರ್ಷವೂ ಇಲ್ಲ. ಈಗ ಆಡಿದ್ದಳು. ಮುದ್ರಣಕ್ಕೆ ಹೋಗುವ ಪುಟದಲ್ಲಿ, ತಾನೇ ಜಗ್ಗು ಹಿಡಿದುಕೊಂಡು, ಆಯಮ್ಮನನ್ನೂ ಅಳಿಸಿಹಾಕಿ.

ತಂಗಿ ಫೋನ್ ಮಾಡಿದಳು.

"ಓ, ಓದಿದ್ಯಾ?" ಅಕ್ಕನ ದನಿಯಲ್ಲಿ ಸಡಗರ. "ತೊಂಬತ್ನಾಲ್ಕು ಹೇಗಿದೆ ಹೇಳು. ಬರೀತಾ ಬರೀತಾ ನಾನೇ ಅತ್ತುಬಿಟ್ಟೆ ಕಣೇ."

"ನೀನು ಅತ್ಯಾ?"

"ಹೂಂ ಕಣೇ, ನಿಜವಾಗ್ಲೂ."

"ನೀನು ಯಾಕಕ್ಕಾ ಅತ್ತೆ? ಒದ್ದೆಯಾಗಿದ್ದು ನಾನು."

ಅಕ್ಕ ಮಾತನ್ನು ಮೆತ್ತಗೆ ಮಾಡಿಕೊಂಡಳು. "ನೋಡು ಪುಟ್ಟಿ, ಎಷ್ಟು ಮಕ್ಕಳಿಗೆ ಹೀಗಾಗಿರುತ್ತೆ. ಓದಿದ್ರೆ ಅವಕ್ಕೆ ಸಮಾಧಾನ ಆಗಲ್ವಾ? ನಿನ್ನ ಹೆಸರೇನೂ ಹಾಕಿಲ್ಲ. ಕಥೆ ಅದು, ಕಥೆ."

"ಜಗ್ಗು ಎಲ್ಲಿತ್ತು ಆವತ್ತು?"

"ಕಥೆ ಅಂದ್ನಲ್ಲ."

"ಮೊದಲು ನಕ್ಕಿದ್ದು ಯಾರು?"

"ಎಲ್ರೂ ನಕ್ಕಿದ್ರು. ಮಕ್ಕಳು ನಗದೆ ಏನು ಮಾಡ್ತಾರೆ? ಮೂವತ್ತು ವರ್ಷ ಆಯ್ತು, ಇನ್ನೂ ಅದನ್ನೇ ಕಚ್ಕೊಂಡು ಕೂತಿದ್ದೀಯಲ್ಲ! ಶುಕ್ರವಾರ ಸಂಪಾದಕರಿಗೆ ಕೊಡ್ಬೇಕು. ಆ ಮುಖ ಒಂದು ಚೆನ್ನಾಗಿ ಬಿಡಿಸು, ಆಯ್ತಾ?"

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಇಲಿ ಫೋನನ್ನು ಮೇಜಿನ ಮೇಲೆ ಕುಕ್ಕಿ, ಹಾಳೆ ಎಳೆದುಕೊಂಡಿತು.

ಮುಖ ಬಿಡಿಸಲು ಅವಳು ಪ್ರಯತ್ನಿಸಲಿಲ್ಲ ಎಂದಲ್ಲ. ಎರಡು ಸಲ ಪೆನ್ನಿಟ್ಟಳು. ತನ್ನ ಹನ್ನೊಂದು ವರ್ಷದ ಮುಖವನ್ನು ತಮಾಷೆಯಾಗಿ ಬಿಡಿಸುವುದಾದರೆ ಹುಬ್ಬು ಎಲ್ಲಿಗೆ ಏರಿಸಬೇಕು, ಬಾಯಿ ಎಷ್ಟು ಅಗಲ ಮಾಡಬೇಕು, ಎಲ್ಲ ಅವಳಿಗೆ ಗೊತ್ತು. ಗೊತ್ತಿದ್ದದ್ದಕ್ಕೇ ಇನ್ನಷ್ಟು ಉರಿಯಿತು. ಹಾಳೆಯನ್ನು ಮುದ್ದೆ ಮಾಡಿ ಎಸೆದಳು. ಕಟ್ಟುಪಾಡು ತಾನೇ ಬೇಕು? ಮಾತು ಹೇಳಿದ್ದನ್ನು ಚಿತ್ರ ಹೇಳಬಾರದು ತಾನೇ? ಸರಿ, ಹಾಗೇ ಆಗಲಿ ಎಂದು ಹಲ್ಲು ಕಚ್ಚಿ ಕೂತಳು.

ಅವಳು ಇಡೀ ಹಾಲನ್ನು ಬಿಡಿಸಿದಳು. ವೇದಿಕೆ ದೂರದಲ್ಲಿ, ಅದರ ಮೇಲೆ ಬೆರಳುದ್ದದ ಪುಟಾಣಿ. ಮೇಜಿನ ಮೇಲೆ ತುಂಬಿದ ಜಗ್ಗು, ಒಂದು ಹನಿಯೂ ಚೆಲ್ಲಿಲ್ಲ. ಪಕ್ಕದ ಬಾಗಿಲಿನಿಂದ ಓಡಿಬರುತ್ತಿರುವ ಆಯಮ್ಮ. ಮುಂದೆ, ದೊಡ್ಡದಾಗಿ, ಎಂಟನೇ ಕ್ಲಾಸಿನ ಸಾಲು. ಎಲ್ಲರೂ ಬಾಯಿ ತೆರೆದು ನಿಂತಿದ್ದಾರೆ, ನಗುತ್ತಿರುವವಳು ಸೊಟ್ಟಿ ಒಬ್ಬಳೇ. ತಲೆ ಹಿಂದಕ್ಕೆ ಎಸೆದು, ಬೆರಳು ವೇದಿಕೆಯ ಕಡೆ ತೋರಿಸಿ, ಒಸಡು ಕಾಣುವ ಹಾಗೆ. ನಾಲ್ಕು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಪೆನ್ನನ್ನು ಮೇಲ್ತುದಿಯಲ್ಲಿ ಹಿಡಿಯುವುದು ಅವಳಿಗೆ ಮರೆತೇಹೋಗಿತ್ತು, ಆದರೂ ಗೆರೆ ನಡುಗಿತ್ತು.

ಚಿತ್ರವನ್ನು ಪುಟದ ಚೌಕಕ್ಕೆ ಕೂರಿಸಿ, ಅಕ್ಕನಿಗೆ ತೋರಿಸದೆ ನೇರವಾಗಿ ಸಂಪಾದಕರಿಗೆ ಕಳಿಸಿದಳು. ನೋಡಲಿ, ಮೂರನೆಯವರೊಬ್ಬರು ನೋಡಲಿ. ಇದೇನಮ್ಮಾ, ಇಂಥ ಅಕ್ಕ ಇರುತ್ತಾರಾ ಎಂದು ಕೇಳಲಿ. ಒಬ್ಬರಾದರೂ ಕೇಳಲಿ ಎಂದು ಅವಳು ಮೂವತ್ತು ವರ್ಷ ಕಾದಿದ್ದಳು.

ಮರುದಿನ ಬೆಳಿಗ್ಗೆ ಸಂಪಾದಕರ ಫೋನ್ ಬಂತು. ಅವರು ಒಳ್ಳೆಯ ಮನುಷ್ಯ, ಆದರೆ ನಗಲು ಶುರುಮಾಡಿದರೆ ಕೆಮ್ಮು ಬಂದು ಮಾತಿಗೆ ಹತ್ತು ನಿಮಿಷ ಬೇಕಾಗುತ್ತದೆ. ಆವತ್ತು ಹಲೋ ಎನ್ನುವಾಗಲೇ ಕೆಮ್ಮುತ್ತಿದ್ದರು.

"ಮೇಡಂ... ಅಯ್ಯೋ ಮೇಡಂ... ತೊಂಬತ್ನಾಲ್ಕು!"

"ನೋಡಿದ್ರಾ?" ತಂಗಿ ಎದ್ದು ನಿಂತಳು.

"ನೋಡಿದ್ರಾ ಅಂದ್ರೆ? ಆಫೀಸೆಲ್ಲಾ ನೋಡಿ ಬಿದ್ದು ಬಿದ್ದು ನಗ್ತಿದೆ! ಮೇಲೆ ಅವಳು ಹಾರಿದೆ, ಸುರಿದುಕೊಂಡೆ, ತಂಗಿ ಅಂದ್ರೆ ತಂಗಿ ಅಂತ ಬಡಾಯಿ. ಕೆಳಗೆ ನೋಡಿದ್ರೆ ಹಲ್ಲು ಕಿಸಿತಾ ನಿಂತಿದ್ದಾಳೆ, ಕಳ್ಳಿ! ಏಳು ಪುಸ್ತಕದಲ್ಲಿ ಇಂಥ ಜೋಕು ಬಂದಿಲ್ಲ ಮೇಡಂ. ಹಿಂಬದಿಯ ರಕ್ಷಾಪುಟಕ್ಕೆ ಇದನ್ನೇ ಹಾಕೋಣ ಅಂತಿದ್ದೀನಿ."

ತಂಗಿ ಕುರ್ಚಿ ಎಳೆದುಕೊಂಡು ಕೂತಳು. ಮೂವತ್ತು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಒಂದು ಹಾಳೆಯ ಮೇಲೆ ಕಾರಿಕೊಂಡಿದ್ದಳು, ಅದು ಜೋಕಾಗಿತ್ತು. ಆಗದೆ ಏನು? ಹತ್ತು ವರ್ಷ ತಾವಿಬ್ಬರೇ ಕೂತು ಓದುಗರಿಗೆ ಕಲಿಸಿದ ಪಾಠ ಅದು, ಮಾತೊಂದು ಚಿತ್ರವೊಂದು ಆದರೆ ನಗಬೇಕು ಎಂದು. ಒಂದು ಹಾಲಿನಲ್ಲಿ ನಾನೂರು ಮಕ್ಕಳು ನಕ್ಕದ್ದು ಸಾಲದೆಂದು, ಈಗ ಊರೂರಿನ ಮಕ್ಕಳು ನಗುವ ಹಾಗೆ ತಾನೇ ತನ್ನ ಕೈಯಾರೆ ಬಿಡಿಸಿಕೊಟ್ಟಿದ್ದಳು. ಅವಳಿಗೆ ಅಕ್ಕನ ಮೇಲೆ ಇದ್ದದ್ದಕ್ಕಿಂತ ಹೆಚ್ಚು ಸಿಟ್ಟು ತನ್ನ ಮೇಲೆ ಬಂತು. ಸ್ವಲ್ಪ ಹೊತ್ತು ಅಷ್ಟೇ. ಆಮೇಲೆ ಅದೂ ಅಕ್ಕನ ಲೆಕ್ಕಕ್ಕೇ ಹೋಯಿತು.

"ಅಕ್ಕನಿಗೆ ಕಳಿಸಿದ್ರಾ?" ಎಂದಳು.

"ಬೆಳಿಗ್ಗೆನೇ ಕಳಿಸಿದೆ. ಇನ್ನೂ ಏನೂ ಹೇಳಿಲ್ಲ. ಅವರೂ ನಗ್ತಿರಬೇಕು."

ತಂಗಿ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಅಕ್ಕನ ಮನೆ ಎರಡು ಬಸ್ ನಿಲ್ದಾಣದ ಆಚೆ. ಬಸ್ಸಿಗೆ ಕಾಯುವ ತಾಳ್ಮೆ ಇರಲಿಲ್ಲ, ನಡೆದೇ ಹೋದಳು. ದಾರಿಯುದ್ದಕ್ಕೂ ತುಟಿ ಅಲ್ಲಾಡುತ್ತಿತ್ತು, ಎದುರು ಬಂದ ಒಬ್ಬ ಮುದುಕರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಬಾಗಿಲು ತೆರೆದ ಅಕ್ಕ ನಗುತ್ತಿರಲಿಲ್ಲ. ಅವಳ ಕಿವಿಯೂ ಕೆಂಪಾಗಿತ್ತು. ಸಿಟ್ಟು ಆ ಮನೆತನದಲ್ಲಿ ಒಬ್ಬಳಿಗೇ ಬಂದ ಆಸ್ತಿಯಲ್ಲ.

"ನನಗೆ ಒಂದು ಮಾತೂ ಹೇಳದೆ ಕಳಿಸಿಬಿಟ್ಯಲ್ಲ!" ಎಂದು ಹೊಸ್ತಿಲಲ್ಲೇ ಶುರುಮಾಡಿದಳು. "ಆಫೀಸಿನವರೆಲ್ಲ ನನ್ನ ಮುಖ ನೋಡಿ ನಗ್ತಿದ್ದಾರೆ."

"ಸೊಟ್ಟಿ ಮುಖ."

"ಅದು ನನ್ನ ಮುಖ! ಹಲ್ಲು ನನ್ನದು, ಜಡೆ ನನ್ನದು. ನನಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?"

"ಗೊತ್ತಾಯ್ತಾ? ಸದ್ಯ. ಹಾಗಾದ್ರೆ ನೆನಪೂ ಇದೆ ಅಂತಾಯ್ತು."

ತಂಗಿ ಅಕ್ಕನನ್ನು ದಾಟಿಕೊಂಡು ಒಳಗೆ ಬರೆಯುವ ಕೋಣೆಗೆ ಹೋದಳು. ಕಿಟಕಿಯ ಕೆಳಗೆ ಮೇಜು, ಮೇಜಿನ ಮೇಲೆ ಕಂಪ್ಯೂಟರು, ಅದರ ತೆರೆಯ ಮೇಲೆ ತೊಂಬತ್ತನಾಲ್ಕನೇ ಪುಟ. ಸೊಟ್ಟಿ ಒಸಡು ತೋರಿಸಿಕೊಂಡು ನಗುತ್ತಿದ್ದಳು. ಪಕ್ಕದಲ್ಲಿ ಮುಟ್ಟದೆ ಬಿಟ್ಟಿದ್ದ ಕಾಫಿ ಕೆನೆಗಟ್ಟಿತ್ತು.

"ನಿನಗೆ ಇಡೀ ದಿನ ನೆನಪಿದೆ," ಎಂದಳು ತಂಗಿ. "ವೇದಿಕೆ ನೆನಪಿದೆ, ಕಾಲ ಬಳಿ ಹರಿದದ್ದು ನೆನಪಿದೆ, ಅತಿಥಿಗಳ ಮೇಜು ನೆನಪಿದೆ. ನೀನು ಎಲ್ಲಿ ನಿಂತಿದ್ದೆ ಅನ್ನೋದೊಂದು ಮರೆತುಹೋಯ್ತಾ? ನಾನು ಎರಡು ವರ್ಷ ನಲ್ಲಿ ಅನ್ನಿಸಿಕೊಂಡೆ. ನಿನ್ನ ಗೆಳತಿಯರೇ ಕೂಗ್ತಿದ್ರು. ನೀನು ಜೊತೆಗೇ ಇರ್ತಿದ್ದೆ. ಒಂದು ದಿನ, ಒಂದೇ ಒಂದು ದಿನ, ಸುಮ್ನಿರಿ ಅಂದ್ಯಾ?"

"ನಾನೂ ಚಿಕ್ಕವಳು ಕಣೇ."

"ಆಯಮ್ಮ ಶಾಲು ಸುತ್ತಿದ್ದು ನಿನಗೆ ಕಾಣಿಸ್ಲಿಲ್ವಾ? ಅವರನ್ನೂ ಅಳಿಸಿಹಾಕಿ ಆ ಜಾಗದಲ್ಲಿ ನೀನು ಬಂದು ನಿಂತ್ಕೊಂಡೆ. ಮಾಡದೆ ಇದ್ದದ್ದಕ್ಕೆ ಹೊಗಳಿಸ್ಕೊಳ್ಳೋಕೆ ನಾಚಿಕೆ ಆಗಲ್ವಾ ನಿನಗೆ?"

ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿದಳು. "ಈಗ ಏನು ಮಾಡು ಅಂತೀಯಾ? ಆ ಪುಟ ತೆಗೆದುಹಾಕ್ಲಾ? ತೆಗೀತೀನಿ ಬಿಡು. ಪುಟಾಣಿನೇ ಬೇಡ."

"ಬೇಡ. ತೆಗೀಬೇಡ. ತೆಗೆದ್ರೆ ಮತ್ತೆ ಮೂವತ್ತು ವರ್ಷ ನೀನು ಮಾತಾಡಲ್ಲ." ತಂಗಿ ತೆರೆಯ ಕಡೆ ಬೆರಳು ಚಾಚಿದಳು. "ನಾನು ನಿಜ ಬಿಡಿಸಿದೆ, ಎಲ್ರೂ ನಕ್ರು. ಯಾಕೆ ಅಂದ್ರೆ ಮೇಲೆ ನಿನ್ನ ಸುಳ್ಳಿದೆ. ಚಿತ್ರ ಹಾಗೇ ಇರಲಿ. ನೀನು ಮಾತು ಬದಲಾಯಿಸು. ಆವತ್ತು ಏನಾಯ್ತೋ ಅದನ್ನ ಬರಿ. ಇಲ್ಲಾಂದ್ರೆ ಬೇರೆ ಚಿತ್ರಗಾರರನ್ನ ನೋಡ್ಕೋ, ಸೊಟ್ಟಿಗೂ ನನಗೂ ಇವತ್ತಿಗೆ ಮುಗೀತು. ನಿನಗೂ ನನಗೂ ಸಹ."

ಅವಳು ಬೆದರಿಸುತ್ತಿರಲಿಲ್ಲ. ಹತ್ತು ವರ್ಷದ ಕೆಲಸ, ಮನೆ ನಡೆಸುವ ಕೆಲಸ, ಮನಸ್ಸಿಗೆ ಹಿಡಿದ ಕೆಲಸ, ಎಲ್ಲ ಬಿಟ್ಟು ನಡೆಯಲು ಸಿದ್ಧವಾಗಿಯೇ ಬಂದಿದ್ದಳು. ಅಕ್ಕನಿಗೆ ಅದು ಅರ್ಥವಾಯಿತು.

"ಮಾತೂ ಅದೇ ಚಿತ್ರವೂ ಅದೇ ಆದ್ರೆ ನಗು ಹೋಗುತ್ತಲ್ಲೇ," ಎಂದಳು ಮೆಲ್ಲಗೆ.

"ಹೋಗ್ಲಿ."

"ಮಕ್ಕಳು ನಗೋಕೆ ಅಂತ ತಾನೇ ಪುಸ್ತಕ ತಗೊಳ್ಳೋದು?"

"ನೂರಾಎಂಬತ್ತು ಪುಟ ನಗ್ತಾರೆ. ಈ ಒಂದು ಪುಟದಲ್ಲಿ ಬೇಡ. ಯಾರೂ ನಗಬಾರದು. ಒಬ್ಬ ಹುಡುಗನೂ ನಗಬಾರದು."

ಅಕ್ಕ ಬಂದು ಕುರ್ಚಿಯಲ್ಲಿ ಕೂತಳು. ಜಗ್ಗಿನ ಸಾಲುಗಳನ್ನು ಒಂದೊಂದಾಗಿ ಅಳಿಸಿದಳು. ಸೊಟ್ಟಿಯ ನಗುವಿನ ಮೇಲೆ ಬಿಳಿ ಜಾಗ ಉಳಿಯಿತು. ಆಮೇಲೆ ತಿರುಗದೆಯೇ ಮಾತಾಡಿದಳು.

"ನೀನು ಆ ಶಾಲೆಗೆ ಸೇರಿ ಎರಡು ತಿಂಗಳಾಗಿತ್ತು. ನೀನು ನನ್ನ ತಂಗಿ ಅಂತ ನನ್ನ ಗೆಳತಿಯರಿಗೆ ಯಾರಿಗೂ ನಾನು ಹೇಳಿರ್ಲಿಲ್ಲ. ಗೇಟಿನ ಹತ್ತಿರ ಬಂದ ತಕ್ಷಣ ಹತ್ತು ಹೆಜ್ಜೆ ಮುಂದೆ ಹೋಗ್ತಿದ್ದೆ, ನೋಡು. ಆವತ್ತು ಪಕ್ಕದವಳು ನನ್ನ ಕಡೆ ತಿರುಗಿದ್ಲು. 'ಅವಳು ನಿನ್ನ...' ಅಂತ ಕೇಳೋಕೆ ಬಾಯಿ ತೆಗೆದ್ಲು. ಕೇಳಿಬಿಡ್ತಾಳೆ ಅಂತ ನಕ್ಕುಬಿಟ್ಟೆ. ನಕ್ಕರೆ ನಿನ್ನ ಅಕ್ಕ ಆಗಿರೋಕೆ ಸಾಧ್ಯ ಇಲ್ಲ ಅಂದ್ಕೊಳ್ತಾಳಲ್ಲ, ಅದಕ್ಕೆ."

ತಂಗಿ ಕಿಟಕಿಯ ಸರಳು ಹಿಡಿದುಕೊಂಡಳು. ಅಕ್ಕನಿಗೆ ನಗು ತಡೆಯಲಾಗಲಿಲ್ಲ ಎಂದೇ ಇಷ್ಟು ವರ್ಷ ಅಂದುಕೊಂಡಿದ್ದಳು. ಬೇಕೆಂದೇ ನಕ್ಕದ್ದು ಎಂದು ಗೊತ್ತಿರಲಿಲ್ಲ. ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆಯಬೇಕು ಅನ್ನಿಸಿತು, ಎಸೆಯಲಿಲ್ಲ.

"ಅದನ್ನೇ ಬರಿ," ಎಂದಳು.

"ಅಷ್ಟೂ?"

"ಅಷ್ಟೂ."

ಅಕ್ಕ ಬರೆದಳು. ಬಡಾಯಿಯಿಲ್ಲದ ಸೊಟ್ಟಿ ಐದೇ ಸಾಲಿಗೆ ಮುಗಿದಳು. 'ನನ್ನ ತಂಗಿ ವೇದಿಕೆಯ ಮೇಲೆ ಒದ್ದೆಯಾಗಿ ನಿಂತಿದ್ದಳು. ಪಕ್ಕದವಳು ಅವಳು ಯಾರೆಂದು ಕೇಳುವುದರಲ್ಲಿದ್ದಳು. ಕೇಳದಿರಲಿ ಎಂದು ನಾನು ನಕ್ಕೆ. ಎಲ್ಲರಿಗಿಂತ ಮೊದಲು ನಕ್ಕವಳು ನಾನು. ಓಡಿಹೋದವರು ಆಯಮ್ಮ.' ಕೆಳಗೆ ಅದೇ ಚಿತ್ರ. ಒಸಡು, ಬೆರಳು, ತುಂಬಿದ ಜಗ್ಗು.

ತಂಗಿ ಎರಡು ಸಲ ಓದಿದಳು. ಅಕ್ಕ ತಾನೂ ಓದಿ, ಮುಖದ ಮೇಲೆ ಕೈಯಿಟ್ಟುಕೊಂಡಳು. ಈಗ ಆ ಪುಟದಲ್ಲಿ ನಗಲು ಯಾವ ಸಂದಿಯೂ ಇರಲಿಲ್ಲ.

"ಕೊನೆಯಲ್ಲಿ ಕ್ಷಮಿಸು ಅಂತ ಒಂದು ಸಾಲು ಸೇರಿಸ್ಲಾ?" ಎಂದು ಅಕ್ಕ ಕೇಳಿದಳು.

"ಬೇಡ. ಸೊಟ್ಟಿ ಕೇಳ್ಲಿಲ್ಲ."

"ಮತ್ತೆ ನಾನು?"

"ಪುಸ್ತಕದಲ್ಲಿ ಬೇಡ. ನೀನು ಬಾಯಲ್ಲಿ ಕೇಳು. ನನ್ನ ಮುಖ ನೋಡಿ ಕೇಳು."

ಅಕ್ಕ ಕುರ್ಚಿ ತಿರುಗಿಸಿದಳು. ಏಳು ಪುಸ್ತಕ ತುಂಬ ಮಾತು ಸುರಿದವಳು, ಬಾಯಿ ತೆರೆದಳು, ಮುಚ್ಚಿದಳು. ಮತ್ತೆ ತೆರೆದಳು. ಕಣ್ಣಿನಲ್ಲಿ ನೀರು ಬಂದು, "ಪುಟ್ಟಿ, ನನಗೆ..." ಎಂದು ಅಲ್ಲಿಗೇ ನಿಂತುಬಿಟ್ಟಳು. ಇರಲಿ ಬಿಡಕ್ಕಾ ಎಂದು ತಂಗಿ ಒಂದು ಮಾತು ಆಡಿಬಿಡಲಿ ಎಂದು ಅವಳು ಕಾಯುತ್ತಿರುವುದು ಮುಖದ ಮೇಲೆ ಬರೆದ ಹಾಗಿತ್ತು.

ತಂಗಿ ಮೂಲೆಯಲ್ಲಿದ್ದ ಸ್ಟೂಲು ಎಳೆದುಕೊಂಡು, ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು. ಸಹಾಯಕ್ಕೆ ಹೋಗಲಿಲ್ಲ.